ಲೆಕ್ಕ ಕಂಪ್ಯೂಟರಿನದು, ಜಾಗ ಹುಡುಕುವುದು ನಾವು

ಫ್ರ್ಯಾಕ್ಟಲ್ ಅಂದರೆ ಎಷ್ಟು ಒಳಗೆ ಹೋದರೂ ಅದೇ ತರದ ಆಕಾರ ಮತ್ತೆ ಮತ್ತೆ ಕಾಣುವ, ಲೆಕ್ಕದಿಂದ ಹುಟ್ಟುವ ಚಿತ್ರ. ಅದನ್ನು ತೋರಿಸಿದ ಕೂಡಲೇ ಬರುವ ಮಾತು ಒಂದೇ. "ಇದು ಕಂಪ್ಯೂಟರೇ ಮಾಡಿದ್ದಲ್ವಾ, ನಿಮ್ಮ ಕೆಲಸ ಎಂತ ಉಂಟು ಇದರಲ್ಲಿ?" ಲೆಕ್ಕ ಮಾಡುವುದು ಕಂಪ್ಯೂಟರೇ, ಹೌದು. ಎಲ್ಲಿ ನೋಡಬೇಕು, ಎಲ್ಲಿ ನಿಲ್ಲಬೇಕು, ಯಾವ ಬಣ್ಣ ಹಾಕಬೇಕು ಅಂತ ಅದು ಹೇಳುವುದಿಲ್ಲ. ದಿನಾ ರಾತ್ರಿ ಊಟ ಆದ ಮೇಲೆ ಕೂತು ನಾನು ಮಾಡುವುದು ಆ ಕೆಲಸ. ಇದನ್ನು ನಮ್ಮ ಪಿಯುಸಿ ಮಕ್ಕಳಿಗೆ ತೋರಿಸಲೇಬೇಕು ಅಂತ ಈಗೀಗ ತುಂಬಾ ಅನಿಸುತ್ತಿದೆ.

ಈ ಚಿತ್ರಗಳಲ್ಲಿ ಹೆಸರುವಾಸಿಯಾದ ಮ್ಯಾಂಡೆಲ್‌ಬ್ರಾಟ್ ಸೆಟ್‌ನ ಲೆಕ್ಕ ನೋಡಿ. ಸೊನ್ನೆಯಿಂದ ಶುರು. ವರ್ಗ ಮಾಡಿ, ಒಂದು ಸಂಖ್ಯೆ ಕೂಡಿಸಿ. ಬಂದದ್ದನ್ನು ಮತ್ತೆ ವರ್ಗ ಮಾಡಿ, ಅದೇ ಸಂಖ್ಯೆಯನ್ನು ಮತ್ತೆ ಕೂಡಿಸಿ. 1 ಕೂಡಿಸುತ್ತಾ ಹೋದರೆ 1, 2, 5, 26, 677, ಆಮೇಲೆ ಹಿಡಿಯಲಿಕ್ಕೇ ಆಗುವುದಿಲ್ಲ. -1 ಕೂಡಿಸಿದರೆ -1, 0, -1, 0, ಅಲ್ಲಲ್ಲೇ ಸುತ್ತುತ್ತದೆ. ಕೂಡಿಸುವ ಒಂದೊಂದು ಸಂಖ್ಯೆಯೂ ಚಿತ್ರದಲ್ಲಿ ಒಂದೊಂದು ಜಾಗ. ಹೀಗೆ ಓಡಿಹೋಗದ ಜಾಗಕ್ಕೆಲ್ಲ ಕಪ್ಪು. ಓಡಿಹೋಗುವ ಜಾಗಕ್ಕೆ, 2ರ ಗಡಿ ದಾಟಲು ಎಷ್ಟು ಸುತ್ತು ಹಿಡಿಯಿತು ಅಂತ ನೋಡಿ ಬಣ್ಣ. ಕಾಂಪ್ಲೆಕ್ಸ್ ನಂಬರ್‌ಗಳಲ್ಲಿ, ಅಂದರೆ ಒಂದು ಮಾಮೂಲಿ ಭಾಗ, -1ರ ವರ್ಗಮೂಲವಾದ i ಸೇರಿದ ಇನ್ನೊಂದು ಭಾಗ ಇರುವ ಸಂಖ್ಯೆಗಳಲ್ಲಿ, ಇಷ್ಟು ಮಾಡಿದರೆ ಇಡೀ ಚಿತ್ರ ಬರುತ್ತದೆ. ಫ್ರಾನ್ಸಿನ ಗಣಿತಜ್ಞ ಗ್ಯಾಸ್ಟನ್ ಜೂಲಿಯಾ ಇದೇ ಜಾತಿಯ ಲೆಕ್ಕದ ಮೇಲೆ 1918ರಲ್ಲೇ ಬರೆದರು, ಆಗ ಕಂಪ್ಯೂಟರ್ ಎಲ್ಲಿತ್ತು? ಮ್ಯಾಂಡೆಲ್‌ಬ್ರಾಟ್ 1980ರಲ್ಲಿ ಕಂಪ್ಯೂಟರ್ ಕಂಪನಿ ಐಬಿಎಂನಲ್ಲಿ ಕೂತು ನೋಡಿದ್ದೂ ಒರಟು ಚುಕ್ಕಿಗಳ ಪ್ರಿಂಟ್. ನಮಗೆ ಮೊಬೈಲಿನಲ್ಲೇ ಸಿಗುತ್ತದೆ.

ಈ ಸೆಟ್‌ನ ಚಿತ್ರದಲ್ಲಿ ದೊಡ್ಡ ಹೃದಯದ ಆಕಾರಕ್ಕೂ ಅದರ ಎಡಕ್ಕೆ ಅಂಟಿದ ವೃತ್ತಕ್ಕೂ ನಡುವೆ ಒಂದು ಇಕ್ಕಟ್ಟಾದ ಸಂದು ಉಂಟು, -0.75, 0.1ರ ಆಸುಪಾಸು, ಸೀಹಾರ್ಸ್ ವ್ಯಾಲಿ ಅಂತ ಹೆಸರು. ಅಲ್ಲಿ ಒಳಗೆ ಹೋದಷ್ಟೂ ಸುರುಳಿ, ಸುರುಳಿಯ ಬಾಲದಲ್ಲಿ ಮತ್ತೆ ಸುರುಳಿ, ಎಲ್ಲೋ ಒಂದು ಕಡೆ ಇಡೀ ಸೆಟ್‌ನದ್ದೇ ಸಣ್ಣ ಪ್ರತಿ. ಝೂಮ್ ಮಾಡುವುದೇ ದೊಡ್ಡದು ಅಂತ ಆಳಕ್ಕೆ ಓಡುವವರು ಜಾಸ್ತಿ. ನನಗೆ ಅದು ಇಷ್ಟವಿಲ್ಲ. ಸಾಮಾನ್ಯ ಪ್ರೋಗ್ರಾಮಿನಲ್ಲಿ ಹದಿನೈದು ಹದಿನಾರು ಅಂಕಿಗಳಾಚೆ ಲೆಕ್ಕದ ನಿಖರತೆ ಮುಗಿದು ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಅಷ್ಟರೊಳಗೇ ಒಂದು ಜನ್ಮಕ್ಕೆ ಸಾಕಾಗುವಷ್ಟು ಉಂಟು.

ಬಣ್ಣದ ಕೆಲಸವಂತೂ ಪೂರ್ತಿ ನಮ್ಮದೇ. ಸೆಟ್‌ನ ಅಂಚಿನ ಹತ್ತಿರ ಸುತ್ತಿನ ಲೆಕ್ಕ ಒಂದೇ ಸಮನೆ ಏರುತ್ತದೆ, ಅಲ್ಲಿ ಬಣ್ಣ ಬೇಗ ಬೇಗ ಬದಲಾದರೆ ಚಿತ್ರ ಮರಳು ಚೆಲ್ಲಿದಂತೆ ಕಾಣುತ್ತದೆ. ಬಣ್ಣಗಳನ್ನು ಅಗಲಕ್ಕೆ ಎಳೆದು, ನಿಧಾನಕ್ಕೆ ಒಂದರಿಂದ ಇನ್ನೊಂದಕ್ಕೆ ಜಾರಿಸಬೇಕು. ಯಕ್ಷಗಾನದ ಬಣ್ಣದ ವೇಷದ ಕಪ್ಪು, ಕೆಂಪು, ಬಿಳಿ ತೆಗೆದುಕೊಂಡು ಮಾಡಿದ ಸುರುಳಿ ನನ್ನ ಚಿತ್ರಗಳಲ್ಲೇ ನನಗೆ ಅತಿ ಇಷ್ಟದ್ದು. ಅದೇ ಜಾಗಕ್ಕೆ ತಿಳಿನೀಲಿ ಹಾಕಿದರೆ ಬೇರೆಯೇ ಚಿತ್ರ, ಸಪ್ಪೆ.

ಉಡುಪಿಯ ಮಳೆಗಾಲದಲ್ಲಿ ಮುರಕಲ್ಲಿನ ಕಾಂಪೌಂಡ್ ಗೋಡೆ ತುಂಬಾ ಜರಿಗಿಡ ಹುಟ್ಟುತ್ತದಲ್ಲ, ಅದಕ್ಕೂ ಒಂದು ಲೆಕ್ಕ ಉಂಟು. ಗಣಿತಜ್ಞ ಮೈಕೆಲ್ ಬಾರ್ನ್‌ಸ್ಲೀ ಅವರ ಜರಿಗಿಡದ ಚಿತ್ರಕ್ಕೆ ಬೇಕಾದದ್ದು, ಈಗಿನ ಚುಕ್ಕಿಯಿಂದ ಮುಂದಿನ ಚುಕ್ಕಿ ಎಲ್ಲಿ ಅಂತ ಹೇಳುವ ನಾಲ್ಕೇ ನಿಯಮ. ಒಂದೊಂದು ಚುಕ್ಕಿಗೂ ಚೀಟಿ ಎತ್ತಿದ ಹಾಗೆ ಒಂದು ನಿಯಮ ಆರಿಸಬೇಕು, ಶೇಕಡ 85ರಷ್ಟು ಸಲ ಒಂದೇ ನಿಯಮ ಬರುತ್ತದೆ. ಆ ನಿಯಮದಲ್ಲಿ 0.04 ಅಂತ ಒಂದು ಸಣ್ಣ ಸಂಖ್ಯೆ, ಅದು ಎರಡು ಕಡೆ ಬರುತ್ತದೆ, ಒಂದು ಕಡೆ ಮೈನಸ್. ಎರಡನ್ನೂ ಸೊನ್ನೆ ಮಾಡಿ ನೋಡಿ, ಬಾಗಿದ ದಂಟು ನೆಟ್ಟಗೆ ನಿಲ್ಲುತ್ತದೆ. ಸ್ವಲ್ಪ ಹೆಚ್ಚಿಸಿ, ತುದಿ ಜಾಸ್ತಿ ಸುರುಟಿಕೊಳ್ಳುತ್ತದೆ. ಗೋಡೆಯ ಗಿಡ ನೋಡಿ ಬಂದು ಅದಕ್ಕೆ ಹೊಂದುವ ಸಂಖ್ಯೆ ಹುಡುಕುತ್ತಾ ಕೂತರೆ ಸಮಯ ಹೋದದ್ದೇ ಗೊತ್ತಾಗುವುದಿಲ್ಲ.

ಮೊದಲ ಪಿಯುಸಿಯಲ್ಲಿ ಕಾಂಪ್ಲೆಕ್ಸ್ ನಂಬರ್ ಪಾಠ ಉಂಟು. ಮಂಗಳೂರು, ಉಡುಪಿ ಕಡೆ ಎಷ್ಟು ಸಾವಿರ ಮಕ್ಕಳು ವಿಜ್ಞಾನ ಓದುತ್ತಾರೆ, ಆ ಪಾಠ ಅವರಿಗೆ ಬರೀ ಅಂಕದ ಲೆಕ್ಕ. ಅದೇ ಪಾಠದ ದಿನ ಪ್ರೊಜೆಕ್ಟರ್‌ನಲ್ಲಿ ಹತ್ತು ನಿಮಿಷ XaoS (ಕೇಆಸ್) ಅಂತ ಫ್ರ್ಯಾಕ್ಟಲ್ ಝೂಮ್ ಮಾಡುವ ಪ್ರೋಗ್ರಾಂ ಓಡಿಸಿ ಮಾರಾಯ್ರೆ, ಅದು ಉಚಿತ. ಮಕ್ಕಳೇ ಮೌಸ್ ಹಿಡಿಯಲಿ. i ಎಂತಕ್ಕೆ ಬೇಕು ಅಂತ ಆಮೇಲೆ ಯಾರೂ ಕೇಳಲಿಕ್ಕಿಲ್ಲ.

ಚಿತ್ರ ಹಾಕುವವರಲ್ಲಿ ಒಂದು ವಿನಂತಿ. ಜಾಗದ ಸಂಖ್ಯೆಗಳನ್ನೂ ಬರೆಯಿರಿ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆ ಸಂಖ್ಯೆ ಇದ್ದರೆ ಬೇರೆಯವರೂ ಅಲ್ಲಿಗೆ ಹೋಗಿ ತಮ್ಮ ಬಣ್ಣದಲ್ಲಿ ನೋಡಬಹುದು. ನನ್ನ ಕೆಂಪು ಸುರುಳಿಯ ಸಂಖ್ಯೆ ಬೇಕಾದವರು ಕೇಳಿ, ಕಳಿಸುತ್ತೇನೆ.