ಕುಂದ್ರೋ ಕಲ್ಲು, ಬಾರಿಸೋ ಕಲ್ಲು

ತಪ್ಪೆಲ್ಲ ನನ್ನದೇ. ಬೆಂಗಳೂರಿಂದ ಬಂದ ಭಾವ ಹಂಪಿಗೆ ಹೋಗಿ, ವಿಠ್ಠಲ ದೇವಸ್ಥಾನದ ಸಂಗೀತದ ಕಂಬ ಮುಟ್ಟಲು ಕೈ ಚಾಚಿ, ಕಾವಲುಗಾರನ ಸೀಟಿ ಕೇಳಿಸಿಕೊಂಡು ಸಪ್ಪೆ ಮುಖದಲ್ಲಿ ಬಂದಿದ್ದರು. 56 ಕಂಬಗಳಿದ್ದರೂ ಕೇಳಿದ್ದು ಸೀಟಿ ಒಂದೇ. "ಅಷ್ಟಕ್ಕೆಲ್ಲ ಯಾಕೆ ಬೇಜಾರು ಭಾವಾ, ನಮ್ಮ ಬಳ್ಳಾರಿ ಪಕ್ಕದಲ್ಲೇ ಗಂಟೆ ಥರ ಬಾರಿಸೋ ಬಂಡೆ ಇದೆ" ಅಂದುಬಿಟ್ಟೆ.

ಸುಳ್ಳಲ್ಲ. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಗ್ರಾನೈಟ್ ನಡುವೆ ಕಪ್ಪು ಡೊಲೆರೈಟ್ ಬಂಡೆಗಳ ಸಾಲಿದೆ. ಅದರ ಮೇಲೆ ನೂತನ ಶಿಲಾಯುಗದ ಕಾಲದಿಂದ ಜನ ಕುಟ್ಟಿ ಮೂಡಿಸಿದ ಉದ್ದ ಕೊಂಬಿನ ಎತ್ತುಗಳಿವೆ. ಕೆಲವು ಬಂಡೆಗಳಿಗೆ ಕಲ್ಲಿಂದ ಬಡಿದರೆ ಗಂಟೆಯ ದನಿ ಬರುತ್ತದೆ. 1892ರಲ್ಲೇ ಇದರ ಬಗ್ಗೆ ಬರೆದಿದ್ದರು, ಆಮೇಲೆ ಹುಡುಕಿ ಬಂದವರಿಗೆ ಜಾಗವೇ ಸಿಗಲಿಲ್ಲ, ಮತ್ತೆ ಸಿಕ್ಕಿದ್ದು ಈ ಶತಮಾನದಲ್ಲಿ. ಪಂಡಿತರೇ ಕಳೆದುಕೊಂಡ ಜಾಗ ಹುಡುಕೋಕೆ ನಾನು ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಹೊರಟೆ!

ಗುಡ್ಡ ಹತ್ತಿದ್ದಾಯಿತು. ಕಪ್ಪಗೆ ಕಂಡ ಮೊದಲ ಬಂಡೆಗೆ ಮುಷ್ಟಿಗಾತ್ರದ ಕಲ್ಲು ತಗೊಂಡು ಬಡಿದೆ. ದೊಪ್. ಇನ್ನೊಂದಕ್ಕೆ, ಅದೂ ದೊಪ್. ಮೂರನೆಯದಕ್ಕೆ ಸ್ವಲ್ಪ ಜೋರಾಗಿ ಬಡಿದಾಗ "ಠಣ್" ಅಂತು. "ನೋಡಿದ್ರಾ!" ಅಂತ ಕುಣಿದೆ. ಭಾವ ಮೆಲ್ಲಗೆ ಕೆಳಗೆ ಬಿದ್ದಿದ್ದ ತಮ್ಮ ಸ್ಟೀಲ್ ನೀರಿನ ಬಾಟಲಿ ಎತ್ತಿಕೊಂಡರು. ನೆಗ್ಗಿತ್ತು. ಮಾನ ಉಳಿಸಿಕೊಳ್ಳೋಣ ಅಂತ ನಾಲ್ಕನೇ ಸಲ ಬಡಿದೆ, ಅದು ಬಂಡೆಗೆ ಬೀಳಲಿಲ್ಲ, ಎಡಗೈ ಹೆಬ್ಬೆರಳಿಗೆ ಬಿತ್ತು.

ನನ್ನ ಕೂಗಿಗೆ ಕುರಿ ಕಾಯುವ ಅಜ್ಜ ಓಡಿ ಬಂದರು.

"ಏನ್ ಮಾಡಾಕತ್ತೀರಿ?"

"ಕಲ್ಲು ಬಾರಿಸ್ತಿದ್ದೀನಿ ಅಜ್ಜಾರ."

"ಅದು ಬಾರಿಸೋ ಕಲ್ಲಲ್ರೀ, ಕುಂದ್ರೋ ಕಲ್ಲು. ದಿನಾ ನಾನಾ ಕುಂದರ್ತೀನಿ."

ಮಣ್ಣಲ್ಲಿ ಹೂತು ಕೂತ ಬಂಡೆ ಎಷ್ಟು ಬಡಿದರೂ ಮೂಕ, ಎರಡು ಮೂರು ಕಡೆ ಮಾತ್ರ ತಾಗಿ ಬಿಡುವಾಗಿ ನಿಂತಿದ್ದೇ ಹಾಡೋದು. ಸುಮ್ನೆ ತೊಟ್ಟಿಲ ಥರ ಅಂದುಕೊಳ್ಳಿ. ಅಜ್ಜ ಸ್ವಲ್ಪ ಮೇಲೆ ಕರೆದುಕೊಂಡು ಹೋಗಿ, "ಚಿತ್ರ ಇರೋ ಕಡಿ ಬಡೀಬ್ಯಾಡ್ರಿ" ಅಂತ ಹೇಳಿ, ಬಡಿದೂ ಬಡಿದೂ ಬಟ್ಟಲಿನಂತಾದ ಒಂದು ಗುಳಿಗೆ ಸಣ್ಣ ಕಲ್ಲಿಂದ ಮೆಲ್ಲಗೆ ತಟ್ಟಿದರು. ದೇವಸ್ಥಾನದ ಗಂಟೆ ಹೊಡೆದ ಮೇಲೆ ಉಳಿಯುತ್ತಲ್ಲ, ಅಂಥ ಗುಂಯ್ ದನಿ ಅಂಗೈವರೆಗೂ ಬಂತು. ಹೆಬ್ಬೆರಳ ನೋವು ಮರೆತೇ ಹೋಯಿತು.

ಭಾವನ ಮೊಬೈಲಲ್ಲಿ ಅಷ್ಟೊತ್ತಿಗೆ ಜಾಗ ತುಂಬಿತ್ತು. ಉಳಿದಿದ್ದು ನಾಲ್ಕನೇ ಏಟಿನ ವಿಡಿಯೋ ಒಂದೇ. ಅದು ಸಂಜೆಗೆ ಮನೆಯವರ ವಾಟ್ಸಾಪ್ ಗ್ರೂಪಿಗೆ ಬಂತು, ಕೆಳಗೆ "ಬಳ್ಳಾರಿಯ ಹಾಡುವ ಬಂಡೆ" ಅಂತ ಬರೆದಿದ್ದರು. ಅಕ್ಕ ಎರಡು ಸಲ ಕೇಳಿ, ದನಿ ಥೇಟ್ ನಮ್ಮ ಅಪ್ಪಂದೇ ಅಂದಳು.