ತಳ್ಳುಬ್ಯಾಂಡ್

ನಮ್ಮ ಬ್ಯಾಂಡಿಗೆ ಕೊನೆಯವರೆಗೂ ಹೆಸರಿರಲಿಲ್ಲ. ನಾಲ್ಕು ಜನ, ಐದು ಅಭಿಪ್ರಾಯ. ಡ್ರಮ್ಸ್ ಹುಡುಗನಿಗೆ ಹೆಸರಿನಲ್ಲಿ ಸಾವು ಬೇಕು, ಹಾಡುವವನಿಗೆ ರಕ್ತ ಬೇಕು. ಬೇಸ್ ಗಿಟಾರಿನವನ ಮನೆಯಲ್ಲಿ ಮಡಿ ಜಾಸ್ತಿ, ಅವನಿಗೆ ಎರಡೂ ಬೇಡ. ನಾನು ಮಾತ್ರ ಯಾವ ಹೆಸರಿಗೂ ಸರಿ ಅನ್ನುತ್ತಿದ್ದೆ. ನನ್ನ ಚಿಂತೆ ಬೇರೆ ಇತ್ತು: ಗಿಟಾರಿನ ಸ್ವರಗುಚ್ಛಗಳಲ್ಲಿ ಎ ಮತ್ತು ಡಿ ಬರುತ್ತಿತ್ತು, ಇ ಬರುತ್ತಿರಲಿಲ್ಲ.

ಅರವತ್ತರ ದಶಕದ ಅಮೆರಿಕದಲ್ಲಿ ಹದಿಹರೆಯದ ಹುಡುಗರು ಮನೆಯ ಗ್ಯಾರೇಜಿನಲ್ಲಿ ಸೇರಿ ಗಿಟಾರ್ ಬಡಿಯುತ್ತಿದ್ದುದರಿಂದ ಗ್ಯಾರೇಜ್ ಬ್ಯಾಂಡ್ ಎಂಬ ಹೆಸರು ಬಂತು. 1997ರ ಬೆಂಗಳೂರಿನ ರಾಜಾಜಿನಗರದಲ್ಲಿ ಗ್ಯಾರೇಜ್ ಅಂದರೆ ಸ್ಕೂಟರ್ ರಿಪೇರಿ ಅಂಗಡಿ. 'ಅಮ್ಮಾ, ಗ್ಯಾರೇಜಿಗೆ ಹೋಗಿ ಬರ್ತೀನಿ' ಅಂದರೆ, 'ಹೋಗೋದು ಹೋಗ್ತೀಯ, ನಿಮ್ಮಪ್ಪನ ಸ್ಕೂಟರೂ ತಗೊಂಡು ಹೋಗು, ಬ್ರೇಕ್ ಹಿಡೀತಿಲ್ಲ' ಅನ್ನುತ್ತಿದ್ದಳು.

ನಿಜವಾದ ಗ್ಯಾರೇಜ್ ಇದ್ದದ್ದು ಡ್ರಮ್ಸ್ ಹುಡುಗನ ತಾತನ ಮನೆಯಲ್ಲಿ. ಅದರೊಳಗೆ ಊರೆಲ್ಲ ಫಿಯಟ್ ಅಂತಲೇ ಕರೆಯುತ್ತಿದ್ದ ಒಂದು ಬಿಳಿ ಪ್ರೀಮಿಯರ್ ಪದ್ಮಿನಿ. ಕಾರಿನಲ್ಲಿ ದೋಷವಿರಲಿಲ್ಲ, ಸತ್ತ ಬ್ಯಾಟರಿ ಬದಲಿಸಲು ತಾತನಿಗೆ ಮನಸ್ಸಿರಲಿಲ್ಲ. ಅಷ್ಟರಲ್ಲಿ ನಾವು ಜಾಗ ಕೇಳಿಕೊಂಡು ಹೋದೆವು. ತಾತನ ಕಣ್ಣು ನಮ್ಮ ನಾಲ್ಕು ಜತೆ ತೋಳುಗಳ ಮೇಲೆ ಹರಿದಾಡಿತು. ಒಪ್ಪಂದವಾಯಿತು. ಸಂಜೆ ನಾಲ್ಕಕ್ಕೆ ಕಾರನ್ನು ಹೊರಗೆ ತಳ್ಳಬೇಕು, ರಸ್ತೆಯ ಕೊನೆಯ ಹಾಲಿನ ಬೂತಿನ ತನಕ ತಳ್ಳಿ ಸ್ಟಾರ್ಟ್ ಮಾಡಿಸಬೇಕು. ತಾತ ವಾಕಿಂಗಿಗೆ ಕಾರಿನಲ್ಲಿ ಹೋಗುವವರು. ಆರಕ್ಕೆ ಬಂದಾಗ ಒಳಗೆ ತಳ್ಳಿ, ಹಿಂದಿನ ಟೈರಿಗೆ ಇಟ್ಟಿಗೆ ಕೊಡಬೇಕು. ನಡುವಿನ ಎರಡು ಗಂಟೆಯಲ್ಲಿ ಅರ್ಧ ಗಂಟೆ ಏದುಸಿರು ಬಿಡುವುದಕ್ಕೆ, ಒಂದು ಗಂಟೆ ಲೋಡ್ ಶೆಡ್ಡಿಂಗಿಗೆ. ಉಳಿದದ್ದು ಸಂಗೀತ.

ನನ್ನ ಗಿಟಾರ್ ಸೆಕೆಂಡ್ ಹ್ಯಾಂಡು. ಹೆಸರಿನಲ್ಲಿ ಅಮೆರಿಕದ ಪ್ರಸಿದ್ಧ ಕಂಪನಿಗಿಂತ ಒಂದೇ ಅಕ್ಷರ ಬೇರೆ, ಬೆಲೆಯಲ್ಲಿ ಒಂದೆರಡು ಸೊನ್ನೆ ಕಮ್ಮಿ. ಮೂರು ತಿಂಗಳು ಉಕ್ಕಿನ ತಂತಿ ಒತ್ತಿ ಒತ್ತಿ ಎಡಗೈ ಬೆರಳ ತುದಿಗಳು ಒರಟು ಚರ್ಮವಾಗಿದ್ದವು. ಮನೆಯಲ್ಲಿ ಈ ಸಾಧನೆಯನ್ನು ಗುರುತಿಸಿದವಳು ಅಮ್ಮ ಒಬ್ಬಳೇ. 'ಬಾ ಇಲ್ಲಿ, ನಿನಗೆ ಬಿಸಿ ತಾಕಲ್ಲ, ಚಪಾತಿ ತಿರುವಿಹಾಕು.'

ಹಾಡುವವನ ಕಷ್ಟ ಇನ್ನೊಂದು. ಸಾಹಿತ್ಯ ಅಂತ ಕೈಗೆ ಸಿಗುವಂಥದ್ದು ಏನೂ ಇರಲಿಲ್ಲ. ಕಾಪಿ ಮಾಡಿದ್ದರ ಕಾಪಿ ಮಾಡಿದ ಕ್ಯಾಸೆಟ್ಟನ್ನು ಹಿಂದೆ ಓಡಿಸಿ, ಮುಂದೆ ಓಡಿಸಿ, ಕಿವಿಗೆ ಬಿದ್ದದ್ದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ. ಆ ನೋಟ್‌ಬುಕ್ಕಿನಲ್ಲಿ ಇಂಗ್ಲಿಷೂ ಇರಲಿಲ್ಲ, ಕನ್ನಡವೂ ಇರಲಿಲ್ಲ. ಈಗ ಗೊತ್ತಾಗುತ್ತದೆ, ಅವನದು ದೊಡ್ಡ ಪರಂಪರೆಯೇ. ಕಿಂಗ್ಸ್‌ಮೆನ್ ಎಂಬ ಹುಡುಗರ ಬ್ಯಾಂಡು 1963ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ 'ಲೂಯಿ ಲೂಯಿ' ರೆಕಾರ್ಡ್ ಮಾಡಿತು. ಮೈಕು ಎತ್ತರದಲ್ಲಿ ನೇತಾಡುತ್ತಿತ್ತು, ಗಾಯಕ ಕತ್ತೆತ್ತಿ ಅರಚಬೇಕಾಯಿತು, ಹಲ್ಲಿಗೆ ಕ್ಲಿಪ್ ಬೇರೆ. ಗಿಟಾರ್ ತುಣುಕಿನ ನಂತರ ಅವಸರಪಟ್ಟು ಹಾಡು ಎತ್ತಿಕೊಂಡ ಅವನ ತಪ್ಪು ಇವತ್ತಿಗೂ ಆ ರೆಕಾರ್ಡಿನಲ್ಲಿದೆ. ಒಂದು ಪದವೂ ಅರ್ಥವಾಗದ ಕಾರಣ ಜನ ಅದರಲ್ಲಿ ಅಶ್ಲೀಲ ಅಡಗಿದೆ ಎಂದು ದೂರು ಕೊಟ್ಟರು. ಅಮೆರಿಕದ ತನಿಖಾ ಇಲಾಖೆ ಎಫ್‌ಬಿಐ ಬೇರೆ ಬೇರೆ ವೇಗದಲ್ಲಿ ತಿರುಗಿಸಿ ಕೇಳಿತು, ಕೊನೆಗೆ ಯಾವ ವೇಗದಲ್ಲೂ ಏನೂ ತಿಳಿಯುವುದಿಲ್ಲ ಎಂದು ಕೈಚೆಲ್ಲಿತು. ನಮ್ಮವನನ್ನು ಕೇಳಿದ್ದರೆ ಅವರು ಇಲಾಖೆಯನ್ನೇ ಮುಚ್ಚುತ್ತಿದ್ದರು.

ಬೆಂಗಳೂರಿನ ರಾಕ್ ಆಗ ಹೆಚ್ಚಾಗಿ ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯದು. 1996ರಲ್ಲಿ ಶುರುವಾಗಿದ್ದ ಫ್ರೀಡಂ ಜ್ಯಾಮ್‌ನಲ್ಲಿ ಸ್ವಾತಂತ್ರ್ಯ ದಿನದ ನೆಪದಲ್ಲಿ ಬ್ಯಾಂಡುಗಳು ಒಂದರ ಹಿಂದೊಂದು ಪುಕ್ಕಟೆ ನುಡಿಸುತ್ತಿದ್ದವು. ನಮ್ಮ ಬಡಾವಣೆಗಳಲ್ಲಿ ವೇದಿಕೆ ಅಂದರೆ ಗಣೇಶನ ಪೆಂಡಾಲು. ಅಲ್ಲಿ ಆರ್ಕೆಸ್ಟ್ರಾದವರ ಆಳ್ವಿಕೆ. ಉಳಿದದ್ದು ಕ್ಲಬ್ಬುಗಳು, ಅಂದರೆ ರಮ್ಮಿ, ಈರುಳ್ಳಿ ಪಕೋಡ, ಬಿಳಿ ಬನಿಯನ್ ಕಾಣುವಷ್ಟು ಗುಂಡಿ ಬಿಚ್ಚಿಕೊಂಡ ಅಂಕಲ್‌ಗಳು. ಅಂಥ ಒಂದು ಕ್ಲಬ್ಬಿನ ಸೆಕ್ರೆಟರಿ ತಾತನ ಸ್ನೇಹಿತರು. ಡಿಸೆಂಬರ್ 31ರ ರಾತ್ರಿ ಎರಡು ಹೌಸಿ ಆಟಗಳ ನಡುವೆ ನಮಗೆ ಇಪ್ಪತ್ತು ನಿಮಿಷ, ಐನೂರು ರೂಪಾಯಿ, ತಲೆಗೊಂದು ಪ್ಲೇಟ್ ಪಕೋಡ. ಬಾಗಿಲಲ್ಲಿದ್ದ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು: 'ಹುಡುಗರಿಂದ ಇಂಗ್ಲಿಷ್ ಆರ್ಕೆಸ್ಟ್ರಾ'. ನಮಗೆ ಸಿಕ್ಕ ಒಂದೇ ಅಧಿಕೃತ ಹೆಸರು ಅದು.

'ಟೂ ಫ್ಯಾಟ್ ಲೇಡೀಸ್, ಎಯ್ಟಿ ಎಯ್ಟ್' ಅಂತ ಹೌಸಿಯ ನಂಬರು ಕೂಗುತ್ತಿದ್ದವರ ಕೈಯಿಂದ ಮೈಕ್ ಇಸಿದುಕೊಂಡು ಶುರು ಮಾಡಿದೆವು. ಎಂಟು ಏಟಿನೊಳಗೆ ಮೊದಲ ಗ್ರಹಚಾರ. ಗ್ಯಾರೇಜಿನ ನೆಲ ಒರಟು ಸಿಮೆಂಟು, ಸಾಲದೆ ಡ್ರಮ್ಮಿನ ಮುಂದೆ ಕಾರಿನ ಇಟ್ಟಿಗೆ ಇಟ್ಟುಕೊಳ್ಳುತ್ತಿದ್ದೆವು. ಕ್ಲಬ್ಬಿನದು ಪಾಲಿಶ್ ಮಾಡಿದ ಮೊಸಾಯಿಕ್. ಇಟ್ಟಿಗೆ ತರಲು ಮರೆತಿದ್ದೆವು. ಪ್ರತಿ ಒದೆತಕ್ಕೂ ದೊಡ್ಡ ಡ್ರಮ್ಮು ಒಂದೊಂದು ಇಂಚು ಮುಂದೆ ಜಾರಿತು. ಅದರ ಹಿಂದೆ ಸ್ಟೂಲ್ ಎಳೆದುಕೊಂಡು ಅವನೂ ಹೊರಟ. ಎರಡನೇ ಹಾಡಿನ ಹೊತ್ತಿಗೆ ಬ್ಯಾಂಡು ಹಿಂದೆ, ಡ್ರಮ್ಸು ರಮ್ಮಿ ಟೇಬಲ್ಲಿನ ಪಕ್ಕ. ಅಲ್ಲಿ ಒಬ್ಬರು ಎಲೆ ಮೇಲಿನ ಕಣ್ಣು ತೆಗೆಯದೆ ಕಾಲು ಚಾಚಿ ಡ್ರಮ್ಮಿಗೆ ಅಡ್ಡ ಕೊಟ್ಟರು. ಆಮೇಲೆ ತಾಳ ನಿಂತದ್ದು ಅವರ ಪುಣ್ಯದಿಂದ.

'ಅಣ್ಣಾವ್ರದ್ದು ಒಂದು ಹೇಳ್ರಪ್ಪಾ' ಅಂತ ಹಿಂದಿನಿಂದ ಕೂಗು ಬಂತು. ಹಾಡುವವನು ಏನೋ ಉತ್ತರ ಕೊಡಲು ಮೈಕಿಗೆ ತುಟಿ ಹತ್ತಿರ ತಂದ. ಇಲ್ಲಿ ಸ್ವಲ್ಪ ವೈರಿಂಗ್ ಹೇಳಬೇಕು. ಬಾಡಿಗೆಗೆ ತಂದಿದ್ದ ಗಿಟಾರ್ ಆಂಪ್ಲಿಫೈಯರಿಗೆ ಪ್ಲಗ್ಗೇ ಇರಲಿಲ್ಲ. ಎರಡು ಬರಿ ವೈರನ್ನು ಸಾಕೆಟ್ಟಿಗೆ ತೂರಿಸಿ, ಬೆಂಕಿಕಡ್ಡಿ ಸಿಕ್ಕಿಸಿ ಭದ್ರ ಮಾಡಿದ್ದೆ, ನಾನೇ. ಅರ್ತಿಂಗ್ ಎಂಬುದು ಫಿಸಿಕ್ಸ್ ಪರೀಕ್ಷೆಗೆ ಬರುವ ವಿಷಯ ಅಂದುಕೊಂಡಿದ್ದೆ. ಮೈಕ್‌ಸೆಟ್ ಇನ್ನೊಂದು ಸಾಕೆಟ್ಟಿನಲ್ಲಿ. ಅವನ ಕೈಯಲ್ಲಿ ನನ್ನ ಆಂಪ್ಲಿಫೈಯರಿಗೇ ಸೇರಿದ ಗಿಟಾರಿನ ತಂತಿ, ತುಟಿಗೆ ಮೈಕಿನ ಜಾಲರಿ, ನಡುವೆ ಕರೆಂಟಿಗೆ ದಾರಿಯಾಗಿ ಅವನೇ. ಎರಡಡಿ ಹಿಂದಕ್ಕೆ ಹಾರಿದ. ಚಪ್ಪಾಳೆ ಬಿತ್ತು. ಅದುವರೆಗೆ ಬಿದ್ದ ಮೊದಲ ಚಪ್ಪಾಳೆ. ಪಾಪ, ಆ ಹುಮ್ಮಸ್ಸಿಗೆ ಅವನು ಮತ್ತೆ ಮೈಕಿನ ಹತ್ತಿರ ಹೋದ.

ಈ ಸಲ ಗಿಟಾರಿನ ತಂತಿ ನೇರ ಮೈಕಿಗೇ ತಗುಲಿ ಫ್ಯೂಸ್ ಹೋಯಿತು. ಇಡೀ ಕ್ಲಬ್ಬು ಕತ್ತಲೆ. ಹೊಸ ವರ್ಷಕ್ಕೆ ದೀಪ ಆರಿಸುವುದು ಅಲ್ಲಿನ ಪದ್ಧತಿಯಂತೆ, ನಮಗೆ ಗೊತ್ತಿರಲಿಲ್ಲ. ಡ್ರಮ್ಸ್ ಹುಡುಗ ಕತ್ತಲಲ್ಲೇ ಬಡಿಯುತ್ತಿದ್ದ. ಯಾರೋ 'ಹ್ಯಾಪಿ ನ್ಯೂ ಇಯರ್' ಅಂದರು, ಎಲ್ಲರೂ ಅಂದರು, ಯಾರೋ ಆಂಟಿ ನನ್ನ ಬಾಯಿಗೆ ಕೇಕ್ ತುರುಕಿದರು. ಹೀಗೆ 1998 ಆ ಕ್ಲಬ್ಬಿನಲ್ಲಿ ರಾತ್ರಿ ಒಂಬತ್ತು ನಲವತ್ತಕ್ಕೇ ಬಂತು. ಸೆಕ್ರೆಟರಿ ಟಾರ್ಚ್ ಬಿಟ್ಟುಕೊಂಡು ಬಂದು, 'ರೀ ಕೂತ್ಕೊಳ್ರೀ, ಇನ್ನೂ ಫುಲ್‌ಹೌಸೇ ಆಗಿಲ್ಲ' ಅಂತ ವರ್ಷವನ್ನು ವಾಪಸ್ ಕಳಿಸಿದರು.

ಫ್ಯೂಸ್ ಕಟ್ಟಿದ ಮೇಲೆ ನಮ್ಮನ್ನು ಮತ್ತೆ ವೇದಿಕೆಗೆ ಬಿಡಲಿಲ್ಲ. ಮೂಲೆಯಲ್ಲಿ ಪಕೋಡ ತಿನ್ನುತ್ತಾ ಕೂತೆವು. ಹನ್ನೆರಡೂವರೆಗೆ ಸೆಕ್ರೆಟರಿಯೇ ಕರುಣೆ ತೋರಿ, 'ಆಂಪ್ಲಿಫೈಯರ್ ನನ್ನ ಡಿಕ್ಕಿಗೆ ಹಾಕ್ರಪ್ಪಾ, ನಿಮ್ಮ ರಸ್ತೇಲೇ ಬಿಟ್ಟು ಹೋಗ್ತೀನಿ. ನೀವೂ ಹತ್ಕೊಳ್ಳಿ' ಅಂದರು. ಹಾಕಿದೆವು. ಅವರು ಕೀ ತಿರುಗಿಸಿದರು. ಕಾರು ಕೆಮ್ಮಿತು, ಸುಮ್ಮನಾಯಿತು. ಆಗ ಕ್ಲಬ್ಬಿನ ಮೆಟ್ಟಿಲ ಮೇಲಿಂದ ತಾತನ ದನಿ ಕೇಳಿತು: 'ಯೋಚನೆ ಮಾಡ್ಬೇಡಿ, ನಮ್ಮ ಹುಡುಗರು ಇದರಲ್ಲಿ ಪಳಗಿದೋರು.'

ಗಿಟಾರುಗಳನ್ನು ಬೆನ್ನಿಗೆ ಹಾಕಿಕೊಂಡು ನಾಲ್ವರೂ ಭುಜ ಕೊಟ್ಟೆವು. ಡ್ರಮ್ಸ್ ಹುಡುಗ ಒಂದು, ಎರಡು, ಮೂರು ಎಣಿಸಿದ. ಆ ರಾತ್ರಿ ನಾವು ಮೊದಲ ಸಲ ಒಂದೇ ತಾಳದಲ್ಲಿದ್ದೆವು. ನೂರಡಿ ದಾಟುವುದರೊಳಗೆ ಕಾರು ಗುಡುಗಿ ಸ್ಟಾರ್ಟ್ ಆಯಿತು. ಮತ್ತೆ ಆರಿಹೋದೀತು ಎಂಬ ಭಯಕ್ಕೆ ಸೆಕ್ರೆಟರಿ ನಿಲ್ಲಿಸಲೇ ಇಲ್ಲ. ಕಿಟಕಿಯಿಂದ ಕೈ ಬೀಸಿ ತಿರುವಿನಲ್ಲಿ ಮಾಯವಾದರು, ಡಿಕ್ಕಿಯಲ್ಲಿ ನಮ್ಮ ಆಂಪ್ಲಿಫೈಯರ್, ಅಂಗಿ ಜೇಬಿನಲ್ಲಿ ನಮ್ಮ ಐನೂರು ರೂಪಾಯಿ.