ತಾಟಿನ ನಡುವೆ, ತಾಟಿನ ಅಂಚಿಗೆ

ಪರಊರಿನಲ್ಲಿ ಇರುವವನು ರಜೆಗೆ ಬಂದರೆ ಒಂದಾದರೂ ‘ಅಲ್ಲಿಯ ಅಡುಗೆ’ ಮಾಡಿ ಬಡಿಸಬೇಕು ಎಂಬುದು ಧಾರವಾಡದ ನಮ್ಮ ಮನೆಯ ಕಟ್ಟಳೆ. ಶಾರ್ಜಾಕ್ಕೆ ಹೋಗಿ ಹನ್ನೆರಡು ವರ್ಷವಾಯಿತು. ಇಷ್ಟು ದಿನ ಖರ್ಜೂರದ ಡಬ್ಬಿಯನ್ನು ಮುಂದಿಟ್ಟು ತಪ್ಪಿಸಿಕೊಂಡಿದ್ದೆ. ಈ ಸಲ ಸಿಕ್ಕಿಬಿದ್ದೆ. ಕುಂಬಳಕಾಯಿ ಹಾಕಿದ ಖಾರದ ಹಮ್ಮಸ್ ಮಾಡಿದೆ. ಹಮ್ಮಸ್ ಎಂದರೆ ಬೆಂದ ಕಡಲೆಯನ್ನು ಎಳ್ಳಿನೊಂದಿಗೆ ನುಣ್ಣಗೆ ಅರೆದ ಅರಬ್ಬಿ ತಿನಿಸು. ವೈನಿ, ಅಂದರೆ ಅತ್ತಿಗೆ, ಒಂದು ತುಣುಕು ರೊಟ್ಟಿಗೆ ಹಚ್ಚಿ ಬಾಯಿಗಿಟ್ಟುಕೊಂಡು ತೀರ್ಪು ಕೊಟ್ಟೇಬಿಟ್ಟರು: “ಇದು ನಮ್ಮ ಚಟ್ನಿಯೇ ಅಲ್ಲವೇ? ಇಷ್ಟಕ್ಕೆ ಎರಡು ದಿನದ ಗದ್ದಲವೇ?”

ನಾನು ಒಪ್ಪುವುದಿಲ್ಲ. ರುಬ್ಬಿದ್ದೆಲ್ಲ ಚಟ್ನಿಯಾಗುವುದಾದರೆ ಹೂರಣವೂ ಚಟ್ನಿಯೇ. ‘ಅದೆಲ್ಲ ನಮ್ಮಲ್ಲೂ ಇದೆ ಬಿಡು’ ಎಂಬ ಮಾತನ್ನು ಪರದೇಶದ ಪ್ರತಿ ತಿನಿಸಿಗೂ ಅಂಟಿಸುವ ಚಟ ನಮಗಿದೆ. ಮೊದಲ ವರ್ಷಗಳಲ್ಲಿ ನಾನೂ ಹಾಗೆಯೇ ಅಂಟಿಸುತ್ತಿದ್ದೆ.

ರೊಟ್ಟಿಯ ಊಟದಲ್ಲಿ ಹಿಂಡಿ, ಅಂದರೆ ನಮ್ಮ ಕಡೆಯ ಚಟ್ನಿಪುಡಿ, ಎಲ್ಲಿ ಕೂರುತ್ತದೆ ನೋಡಿ. ನಡುವೆ ಜೋಳದ ರೊಟ್ಟಿ, ಮಗ್ಗುಲಲ್ಲಿ ಪಲ್ಯ. ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ, ರಂಜಕ ಇವೆಲ್ಲ ತಾಟಿನ ಅಂಚಿನವು. ಬೆರಳ ತುದಿಯಷ್ಟು ಒತ್ತಿಕೊಂಡರೆ ಒಂದು ತುತ್ತು ಇಳಿಯುತ್ತದೆ. ಅಷ್ಟೇ ಅಷ್ಟನ್ನು ತಿನ್ನುವುದರಿಂದಲೇ ಅವುಗಳಲ್ಲಿ ಅಷ್ಟು ಉಪ್ಪು, ಅಷ್ಟು ಖಾರ. ಶಾರ್ಜಾದ ಸಣ್ಣ ಹೋಟೆಲಿನಲ್ಲಿ ಹಮ್ಮಸ್ ಕೇಳಿದರೆ ಚಪ್ಪಟೆ ಬಟ್ಟಲಿನ ತುಂಬ ಹರಡಿ ತಂದಿಡುತ್ತಾರೆ. ಖುಬ್ಜ್ ಎಂಬ ತೆಳು ರೊಟ್ಟಿಯನ್ನು ಹರಿದು, ಚಮಚೆಯಂತೆ ಮಡಿಸಿ, ಬಟ್ಟಲು ಬರಿದಾಗುವ ತನಕ ಬಳಿದು ತಿನ್ನುವುದು ಅಲ್ಲಿಯ ರೀತಿ. ರೊಟ್ಟಿ ಅಲ್ಲಿ ಬರೀ ಸಲಕರಣೆ, ಬಟ್ಟಲಿನಲ್ಲಿರುವುದೇ ಊಟ. ಆ ಬಟ್ಟಲಿಗೆ ರಂಜಕದ ಲೆಕ್ಕದಲ್ಲಿ ಖಾರ ಸುರಿದರೆ ನಾಲ್ಕನೆಯ ತುತ್ತಿಗೆ ನೀರು ಹುಡುಕಬೇಕಾಗುತ್ತದೆ.

ಹಾಗೆಂದು ಹೋಲಿಕೆಯೇ ಇಲ್ಲವೆಂದಲ್ಲ. ಹಮ್ಮಸ್ ಬಟ್ಟಲಿನ ನಡುವೆ ಚಮಚೆಯ ಬೆನ್ನಿನಿಂದ ಗುಳಿ ಮಾಡಿ ಆಲಿವ್ ಎಣ್ಣೆ ಹೊಯ್ಯುವುದನ್ನು ಮೊದಲ ಸಲ ಕಂಡಾಗ ನನಗೆ ನೆನಪಾದದ್ದು ಅವ್ವ. ಹಿಂಡಿಯ ಗುಡ್ಡೆಗೆ ಬೆರಳಿನಿಂದ ಕುಣಿ ಮಾಡಿ ಹಸಿ ಎಣ್ಣೆ ಬಿಡುವಾಗ ಅವಳ ಕೈ ಥೇಟ್ ಹಾಗೆಯೇ ತಿರುಗುತ್ತದೆ. ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ ಕಡಿಯುವುದಂತೂ ಎರಡೂ ಕಡೆ ಇದೆ.

ಇನ್ನೊಂದು ಕಡೆಯ ತಕರಾರೂ ಉಂಟು. ನನ್ನ ಜೊತೆ ಕೆಲಸ ಮಾಡುವ ಲೆಬನಾನಿನ ಗೆಳೆಯನ ಮುಂದೆ ಕುಂಬಳಕಾಯಿ ಹಮ್ಮಸ್ ಎಂದರೆ ಅವನು ಹುಬ್ಬು ಗಂಟಿಕ್ಕುತ್ತಾನೆ. ಅರಬ್ಬಿಯಲ್ಲಿ ಹುಮ್ಮುಸ್ ಎಂದರೆ ಕಡಲೆ. ಕಡಲೆಯಿಲ್ಲದೆ ಕುಂಬಳಕಾಯಿಗೆ ಅರೆದ ಎಳ್ಳಿನ ತಹಿನಿ ಕಲಸಿದರೆ ಅದಕ್ಕೆ ಅವರಲ್ಲಿ ಮುತಬ್ಬಲ್ ಎಂಬ ಬೇರೆ ಹೆಸರೇ ಇದೆ. ಹೆಸರಿನ ವಿಷಯದಲ್ಲಿ ಅವರು ಹಟವಾದಿಗಳು. ಹಮ್ಮಸ್ ಯಾರದು ಎಂದು ಇಸ್ರೇಲಿನೊಂದಿಗೆ ಪೈಪೋಟಿಗೆ ಬಿದ್ದು 2010ರಲ್ಲಿ ಲೆಬನಾನಿನವರು 10,452 ಕಿಲೋ ಹಮ್ಮಸ್ ಕಲಸಿ ಗಿನ್ನೆಸ್ ದಾಖಲೆ ಮಾಡಿದರು. 10,452 ಎಂಬುದು ಚದರ ಕಿಲೋಮೀಟರಿನಲ್ಲಿ ಅವರ ದೇಶದ ವಿಸ್ತೀರ್ಣ. ನಗುವ ಹಾಗಿಲ್ಲ, ಬೇರೆ ಊರಿನ ಪೇಡೆಯನ್ನು ಯಾರಾದರೂ ಧಾರವಾಡ ಪೇಡೆ ಎಂದು ಮಾರಿದರೆ ನಾವೂ ಸುಮ್ಮನಿರುವವರಲ್ಲ. ಆದ್ದರಿಂದ ನನ್ನ ಲೆಕ್ಕ ಇಷ್ಟು: ಬೆಂದ ಕಡಲೆ ಎರಡು ಪಾಲಾದರೆ ಕುಂಬಳಕಾಯಿ ಒಂದು ಪಾಲು. ಅದನ್ನು ಮೀರಿದರೆ ಹೆಸರು ಬದಲಿಸಬೇಕು.

ಕಡಲೆಯಲ್ಲೇ ಮೊದಲ ಪೆಟ್ಟು ತಿಂದೆ. ಎಲ್ಲವೂ ಊರಿನದೇ ಇರಲಿ ಎಂಬ ಹುಮ್ಮಸ್ಸಿನಲ್ಲಿ ಕಾಬೂಲಿ ಕಡಲೆ ಬಿಟ್ಟು ನಾಡಕಡಲೆ ನೆನೆಹಾಕಿದ್ದೆ. ಇಲ್ಲಿಂದ ಒಂದೂವರೆ ತಾಸಿನೊಳಗಿನ ಅಣ್ಣಿಗೇರಿ ಪಂಪನ ಊರೆಂದು ಹೆಸರಾದಂತೆ ಕಡಲೆಗೂ ಹೆಸರಾಗಿದೆ. ‘ಅಣ್ಣಿಗೇರಿ-1’ ಎಂಬ ತಳಿಯನ್ನು ಬಿತ್ತದ ಎರೆಹೊಲ ಈ ಕಡೆ ಅಪರೂಪವಿತ್ತು. ಆದರೆ ಅದರ ಕಂದು ಸಿಪ್ಪೆ ಎಷ್ಟು ಬೇಯಿಸಿದರೂ ಮಿಕ್ಸರಿಗೆ ಜಗ್ಗಲಿಲ್ಲ, ನಾಲಿಗೆಗೆ ತರಿ ತರಿ. ಸಿಪ್ಪೆಯೇ ಇಲ್ಲದ ಕಡಲೆಬೇಳೆ ಬೇಯಿಸಿದೆ. ನುಣುಪೇನೋ ಬಂತು, ಆರಿದ ಮೇಲೆ ಹೂರಣದಂತೆ ಗಟ್ಟಿಯಾಗಿ ಕುಳಿತಿತು. ಅವ್ವ ಏನೂ ಅನ್ನಲಿಲ್ಲ. ಬಸಿದ ನೀರಿನಲ್ಲಿ ಕಟ್ಟಿನ ಸಾರು ಕುದಿಸಿ, ನನ್ನ ಪಕ್ಕದಲ್ಲಿ ಬೆಲ್ಲದ ಡಬ್ಬಿ ತಂದಿಟ್ಟು ಹೋದಳು.

ಎರಡನೆಯ ದಿನ ಹಟ ಬಿಟ್ಟು ಒಂದು ಕಪ್ ಅಳತೆಯ ಕಾಬೂಲಿ ಕಡಲೆಯನ್ನು, ರಾತ್ರಿಯಿಡೀ ಚಿಟಿಕೆ ಸೋಡಾದೊಂದಿಗೆ ನೆನೆಸಿದ್ದನ್ನು, ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೇಯಿಸಿದೆ. ಸೋಡಾ ಸಿಪ್ಪೆಯನ್ನು ಮೆತ್ತಗೆ ಮಾಡುತ್ತದೆ. ತೊಳೆಯುವಾಗ ಅರ್ಧ ಸಿಪ್ಪೆ ತಾನೇ ತೇಲಿ ಬರುತ್ತದೆ. ಕುಂಬಳಕಾಯಿಯನ್ನು ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಇಡಿಯಾಗಿ ತಂದು, ಚಿಗರಿ ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದೆ. ಇಡೀ ಕಾಯಿಗೆ ಹೆಂಗಸರು ಮೊದಲ ಏಟು ಹಾಕಬಾರದು ಎಂಬುದು ಅವ್ವನ ನಂಬಿಕೆ. ಈಳಿಗೆ ಮಣೆಯ ಮೇಲೆ ನನ್ನನ್ನು ಕೂರಿಸಿದಳು. ಸೀಳಿದಾಗ ಒಳಗಿನ ಕೆಂಪು ನೋಡಿ “ಗಾರಿಗೆಗೆ ಆಗುತ್ತಿತ್ತು” ಎಂದು ಒಂದು ನಿಟ್ಟುಸಿರು.

ಕುಂಬಳಕಾಯಿಯನ್ನು ಕುಕ್ಕರಿನಲ್ಲಿ ಬೇಯಿಸಬೇಡಿ. ನೀರು ಕುಡಿದ ಹೋಳು ಹಮ್ಮಸನ್ನು ಅಂಬಲಿ ಮಾಡುತ್ತದೆ. ಶಾರ್ಜಾದಲ್ಲಿ ನನಗೆ ಓವನ್ ಇದೆ, ಇಲ್ಲಿ ರೊಟ್ಟಿಯ ಹಂಚು. ನಿಜ ಹೇಳಬೇಕೆಂದರೆ ಹಂಚೇ ಮೇಲು. ದಪ್ಪ ಹೋಳುಗಳಿಗೆ ಎಣ್ಣೆ ಸವರಿ, ಮುಚ್ಚಿ ಬೇಯಿಸಿ, ಕೊನೆಗೆ ಮುಚ್ಚಳ ತೆಗೆದು ಅಂಚು ಕಪ್ಪಾಗುವ ತನಕ ಬಿಡಬೇಕು. ಆ ಸುಟ್ಟ ಅಂಚಿನಿಂದ ಸಿಹಿಗೆ ಒಂದು ಒಗರು ಸೇರುತ್ತದೆ. ತಹಿನಿಗೆ ಬಿಳಿ ಎಳ್ಳನ್ನು ಬಣ್ಣ ತಿರುಗದಂತೆ ಬೆಚ್ಚಗೆ ಹುರಿದು ಎಣ್ಣೆಯೊಂದಿಗೆ ಅರೆದೆ. ನಿಂಬೆರಸ ಬಿದ್ದೊಡನೆ ಅದು ಗಂಟುಕಟ್ಟಿಕೊಳ್ಳುತ್ತದೆ. ಹೆದರದೆ ತಣ್ಣೀರು ಚಮಚೆ ಚಮಚೆಯಾಗಿ ಹಾಕುತ್ತ ತಿರುವಿದರೆ ಬೆಣ್ಣೆಯಂತೆ ಬೆಳ್ಳಗಾಗುತ್ತದೆ. ಆಮೇಲೆ ಕಡಲೆ, ಕುಂಬಳಕಾಯಿ, ಎರಡೇ ಎಸಳು ಬೆಳ್ಳುಳ್ಳಿ, ಹುರಿದ ಜೀರಿಗೆ, ಉಪ್ಪು.

ಇನ್ನು ಖಾರ. ಮನೆಯಲ್ಲಿ ಎರಡು ಡಬ್ಬಿ ಇದ್ದವು, ಗುಂಟೂರಿನದು ಮತ್ತು ಬ್ಯಾಡಗಿಯದು. ನಡುವಿನ ಬಟ್ಟಲಿಗೆ ಬ್ಯಾಡಗಿಯೇ ಸರಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಹಾವೇರಿ ಜಿಲ್ಲೆಯ ಈ ಸುಕ್ಕುಗಟ್ಟಿದ ಕಾಯಿಯಲ್ಲಿ ಬಣ್ಣ ಬಹಳ, ಉರಿ ಕಡಿಮೆ. ಬೀಜ ತೆಗೆದ ಆರು ಕಾಯಿಗಳನ್ನು ಬಿಸಿನೀರಿನಲ್ಲಿ ನೆನೆಸಿ ಅರೆದು ಸೇರಿಸಿದೆ. ಕುಂಬಳದ ಹಳದಿ ಸಂಜೆಯ ಕೆಂಪಿಗೆ ತಿರುಗಿತು. ತುಟಿ ಬೆಚ್ಚಗಾಯಿತೇ ಹೊರತು ಯಾರೂ ಸೀಯೆನ್ನಲಿಲ್ಲ. ಮೆಣಸಿನಕಾಯಿ, ಕುಂಬಳ ಎರಡೂ ಅಮೆರಿಕ ಖಂಡದಿಂದ ಬಂದವು. ನನ್ನ ಲೆಬನಾನಿನ ಗೆಳೆಯನೂ ವೈನಿಯೂ ಇದನ್ನು ತಮ್ಮದೆನ್ನಲು ಹೊರಟರೆ ಈ ಮಾತು ಹೇಳೋಣ ಎಂದು ಇಟ್ಟುಕೊಂಡಿದ್ದೇನೆ.

ಅಣ್ಣ ಬಟ್ಟಲಿನಿಂದ ಬಳಿದು ತಿಂದ. ವೈನಿ ಒಂದೇ ಚಮಚೆ ಹಾಕಿಸಿಕೊಂಡರು, ಅದೂ ತಾಟಿನ ಅಂಚಿಗೆ. ಮಿಕ್ಕದ್ದನ್ನು ಮರುದಿನ ಅವರೇ ತೆಗೆದು, ಗುಂಟೂರಿನ ಡಬ್ಬಿಯಿಂದ ನಾಲ್ಕು ಕಾಯಿ, ಹಿಡಿ ಬೆಳ್ಳುಳ್ಳಿ, ಇನ್ನಷ್ಟು ಉಪ್ಪು ಹಾಕಿ ಮತ್ತೊಂದು ಸುತ್ತು ತಿರುವಿದರು. ರಾತ್ರಿ ಕಡಕ್ ರೊಟ್ಟಿಯ ಜೊತೆ ಗುರೆಳ್ಳು ಹಿಂಡಿಯ ಪಕ್ಕದಲ್ಲಿ ಬೆರಳ ಗಾತ್ರ ಬಡಿಸಿ ನನ್ನ ಮುಖ ನೋಡುತ್ತ ನಿಂತರು. ಅದು ಈಗ ಚಟ್ನಿಯಾಗಿತ್ತು. ನಾನು ಇನ್ನೆರಡು ರೊಟ್ಟಿ ಹಾಕಿಸಿಕೊಂಡೆ.